ಸಲಿಕೆ ಮುಟ್ಟದ ದಿನ

ಮುಂದೆ ಚಾಚಿದ ಸಲಿಕೆಯನ್ನು ಥರ್ಮನ್ ಕಣ್ಣೆತ್ತಿಯೂ ನೋಡಲಿಲ್ಲ. ಸ್ಮಶಾನದ ಕಲ್ಲುಗೋಡೆಯ ಮೇಲೆ ಕೂತು ಕರಿ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ.

"ನಾನು ತೋಡಲ್ಲಪ್ಪ. ನೀವೇ ತೋಡಿ," ಎಂದ.

ಗುಂಡಿಗೆ ಗುರುತು ಹಾಕಿ ನಿಂತಿದ್ದ ನಾಲ್ವರು ಗಂಡಸರು ಮುಖ ಮುಖ ನೋಡಿಕೊಂಡರು. ಟೆನೆಸಿಯ ಈ ಬೆಟ್ಟದ ಸಂದಿಯಲ್ಲಿ ನಲವತ್ತು ವರ್ಷದಿಂದ ಯಾರೇ ತೀರಿಕೊಳ್ಳಲಿ, ಮೊದಲ ಸಲಿಕೆ ಥರ್ಮನ್‌ನದು. ನಮ್ಮಲ್ಲಿ ಸತ್ತವರ ರಕ್ತಸಂಬಂಧಿಗಳು ಸಲಿಕೆ ಮುಟ್ಟುವ ಹಾಗಿಲ್ಲ. ಅವರು ಕೂತು ಅಳಬೇಕು. ನೆರೆಹೊರೆಯವರು ಗುಂಡಿ ತೋಡಬೇಕು, ಮುಚ್ಚಬೇಕು. ಹಿಂದಿನವರು ಹಾಕಿಕೊಟ್ಟ ಕಟ್ಟುಪಾಡು, ಇದುವರೆಗೆ ಯಾರೂ ಮೀರಿಲ್ಲ. ಥರ್ಮನ್‌ಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಹೇಳಿಕೊಳ್ಳಲು ಒಬ್ಬ ನೆಂಟನಿಲ್ಲ. ಹಾಗಾಗಿ ಅವನು ಎಲ್ಲರಿಗೂ ನೆರೆಯವನೇ. ಆರ್ಫಾಳ ಗಂಡ ಸತ್ತ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಕಲ್ಲಾಗಿದ್ದಾಗ, ಬೆಂಕಿ ಹಾಕಿ ಮಣ್ಣು ಕರಗಿಸಿ ತೋಡಿದವನು ಇವನು. ಈಗ ಎಂಬತ್ತನಾಲ್ಕನೇ ವಯಸ್ಸಿಗೆ ಆರ್ಫಾಳೇ ಹೋಗಿದ್ದಾಳೆ, ಈ ಮಹಾರಾಯ ಮದುವೆಗೆ ಬಂದವನ ಹಾಗೆ ಕೂತಿದ್ದಾನೆ.

ಸುದ್ದಿ ಬೆಟ್ಟ ಇಳಿದು ಸತ್ತವಳ ಅಡುಗೆಮನೆಗೆ ಬರಲು ಹತ್ತು ನಿಮಿಷ ಹಿಡಿಯಲಿಲ್ಲ. ಅಲ್ಲಿ ಆರ್ಫಾಳ ಸೋದರತ್ತೆಯ ಮಗಳು ಮೇವಿಸ್ ಜೋಳದ ರೊಟ್ಟಿ ಕತ್ತರಿಸುತ್ತಿದ್ದಳು. ಬಾಯಿ ಜೋರು, ಮನಸ್ಸು ಬೆಣ್ಣೆ. ಆದರೆ ಬೆಣ್ಣೆ ಕಾಣಬೇಕಾದರೆ ಮೊದಲು ಬಾಯಿ ದಾಟಬೇಕು. ಆರ್ಫಾ ಆ ಮನುಷ್ಯನಿಗೆ ದಿನಾ ಸಂಜೆ ಹಳ್ಳ ದಾಟಿ ಊಟ ಕೊಟ್ಟು ಬರುತ್ತಿದ್ದಳು, ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಮಧ್ಯಾಹ್ನದ ಊಟಕ್ಕೂ ಅವನನ್ನು ಕರೆಯಕೂಡದು ಎಂದಳು.

ಆರ್ಫಾಳ ಒಬ್ಬಳೇ ಮಗಳು ವಿಲ್ಮಾ ಅಲ್ಲೇ ತಟ್ಟೆ ಒರೆಸುತ್ತಿದ್ದಳು. ಅಮ್ಮ ಸತ್ತದ್ದಕ್ಕಿಂತ ಥರ್ಮನ್ ಸಲಿಕೆ ಮುಟ್ಟದ ಸುದ್ದಿ ಅವಳಿಗೆ ಹೆಚ್ಚು ಚುಚ್ಚಿತು. ಮೀನು ಹಿಡಿಯಲು, ಸೈಕಲ್ ತುಳಿಯಲು ಕಲಿಸಿದ ಮಾಮ ಅವನು. ಗುಂಡಿಯ ಹತ್ತಿರ ಓದಲು ಮನೆಯವರ ಹೆಸರು ಬರೆದುಕೊಡಿ ಎಂದು ಪಾದ್ರಿ ಕೇಳಿದ್ದರು. ಅವಳು ಒಳಗೆ ಹೋಗಿ ಅಮ್ಮನ ದಪ್ಪ ವಂಶಾವಳಿಯ ಪುಸ್ತಕ ತೆರೆದಳು.

*

ಆರ್ಫಾ ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದಳು. ರಜೆ ಸಿಕ್ಕರೆ ಬೇರೆ ಹೆಂಗಸರು ತವರಿಗೆ ಹೋಗುತ್ತಿದ್ದರು, ಇವಳು ಜಿಲ್ಲಾ ಕಚೇರಿಯ ನೆಲಮಾಳಿಗೆಗೆ. ತನ್ನ ಮೆಕ್‌ನಾಬ್ ಮನೆತನದ ಹಿರಿಯರು ಸ್ಕಾಟ್ಲೆಂಡಿನಿಂದ ಐರ್ಲೆಂಡಿಗೆ, ಅಲ್ಲಿಂದ ಹಡಗು ಹತ್ತಿ ಫಿಲಡೆಲ್ಫಿಯಾಕ್ಕೆ, ಅಲ್ಲಿಂದ ಗಾಡಿದಾರಿಯಲ್ಲಿ ಈ ಬೆಟ್ಟಕ್ಕೆ ಬಂದ ಹೆಜ್ಜೆಗಳನ್ನು ಒಂದೊಂದೇ ಹುಡುಕಿದಳು. ಜನಗಣತಿ, ಕಂದಾಯದ ಪಟ್ಟಿ, ಚರ್ಚಿನ ದಫ್ತರ, ಹಾವಸೆ ಕಟ್ಟಿದ ಗೋರಿಕಲ್ಲು, ಏನನ್ನೂ ಬಿಡಲಿಲ್ಲ. ಭಾನುವಾರ ಪ್ರಾರ್ಥನೆಯ ಹೊತ್ತಿಗೆ ಹೊಡೆದಾಡಿ ಚರ್ಚಿನಿಂದ ಹೊರಗೆ ಹಾಕಿಸಿಕೊಂಡ ಮುತ್ತಜ್ಜನೊಬ್ಬ ಸಿಕ್ಕಿದ ದಿನ ಊರಿಗೆಲ್ಲ ಕಡುಬು ಹಂಚಿದ್ದಳು. "ಕುಡುಕ ಆಗ್ಲಿ ಕಳ್ಳ ಆಗ್ಲಿ, ದಾಖಲೆ ಇದ್ರೆ ನಮ್ಮೋನು," ಅನ್ನುತ್ತಿದ್ದಳು.

ಅವಳದೊಂದು ನೇಮವಿತ್ತು. ರುಜುವಾತು ಸಿಕ್ಕಿದ ಹೆಸರು ಶಾಯಿಯಲ್ಲಿ, ಸಿಗದ್ದು ಪೆನ್ಸಿಲ್‌ನಲ್ಲಿ.

ಒಡಹುಟ್ಟಿದವರಿಲ್ಲದ ಹೆಣ್ಣು. ಸತ್ತವರನ್ನೆಲ್ಲ ಕೂಡಿಹಾಕಿಕೊಂಡು ಮನೆ ತುಂಬಿಸಿಕೊಳ್ಳುತ್ತಿದ್ದಾಳೆ ಎಂದು ನಾವು ನಗುತ್ತಿದ್ದೆವು. ಆರು ವರ್ಷದ ಹಿಂದೆ, ಎಂಜಲು ಕಳಿಸಿದರೆ ನೆಂಟರನ್ನು ಹುಡುಕಿಕೊಡುವ ಡಿಎನ್‌ಎ ಪರೀಕ್ಷೆಗೆ ಎರಡು ಡಬ್ಬಿ ತರಿಸಿದಳು. ಒಂದು ತನಗೆ, ಇನ್ನೊಂದು ಥರ್ಮನ್‌ಗೆ. ಪಾಪ, ಅವನಿಗೂ ಎಲ್ಲಾದರೂ ಒಬ್ಬ ನೆಂಟ ಸಿಗಲಿ ಅಂತ.

ಎರಡು ತಿಂಗಳ ಮೇಲೆ ಉತ್ತರ ಬಂತು. ಕಾಗದ ಹಿಡಿದು ಆರ್ಫಾ ಹಳ್ಳ ದಾಟಿದಳು. ಥರ್ಮನ್ ಜಗಲಿಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ.

"ನಿಂಗೆ ನೆಂಟರು ಸಿಕ್ಕಿದ್ರು ಕಣೋ," ಎಂದಳು. "ನಾನೇ. ನಾವಿಬ್ರೂ ಒಂದೇ ಅಪ್ಪನ ಮಕ್ಕಳು."

ಅವನು ಹುರುಳಿಕಾಯಿಯ ಬುಟ್ಟಿ ಪಕ್ಕಕ್ಕಿಟ್ಟ. ಅವನ ತಾಯಿ ಡೆಲ್ಲಾ ಹಳ್ಳದ ಆಚೆ ಕಂಡವರ ಬಟ್ಟೆ ಒಗೆದು ಅವನನ್ನು ಸಾಕಿದವಳು. ಗಂಡ ದೂರದ ಕಲ್ಲಿದ್ದಲ ಗಣಿಯಲ್ಲಿದ್ದ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಕೊನೆಗೆ ಗಣಿಯಲ್ಲೇ ಸತ್ತ. ಅವಳು ಸಾಯುವ ತನಕ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು, ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದಳು. ಯಾಕೆ ತಲೆ ತಗ್ಗಿಸುತ್ತಿದ್ದಳೆಂದು ಥರ್ಮನ್‌ಗೆ ಆ ದಿನ ಗೊತ್ತಾಯಿತು.

"ಪುಸ್ತಕದಲ್ಲಿ ಬರೀಬೇಡ ಆರ್ಫಾ. ನಮ್ಮಮ್ಮ ಜನರ ಬಾಯಿಗೆ ಬೀಳೋದು ಬೇಡ."

"ಬರೀದೇ ಇರೋಕಾಗಲ್ಲ. ಎಂಬತ್ತು ವರ್ಷಕ್ಕೆ ತಮ್ಮ ಸಿಕ್ಕಿದಾನೆ. ಪೆನ್ಸಿಲ್‌ನಲ್ಲಿ ಬರೀತೀನಿ. ಯಾರಿಗೂ ತೋರಿಸಲ್ಲ. ನೀನು ಹೂಂ ಅಂದ ದಿನ ಶಾಯಿ."

ಅವನು ತಲೆಯಾಡಿಸಿದ. ಏಳುವಾಗ ಅವಳು ಇನ್ನೊಂದು ಮಾತು ಸೇರಿಸಿದಳು. "ನಾನು ಸತ್ತ ದಿನ ಮಾತ್ರ ನೀನು ಸಲಿಕೆ ಹಿಡೀಬಾರದು. ಅದೊಂದು ಮಾತು ಕೊಡು."

ಕೊಟ್ಟ. ಮಾರನೆಯ ಸಂಜೆಯಿಂದ ಅವಳು ಊಟದ ಡಬ್ಬಿ ಹಿಡಿದು ಹಳ್ಳ ದಾಟತೊಡಗಿದಳು.

*

ವಿಲ್ಮಾ ಬೆಟ್ಟ ಹತ್ತಿದಾಗ ಗುಂಡಿ ಸೊಂಟದ ಮಟ್ಟಕ್ಕೆ ಬಂದಿತ್ತು. ಅವಳು ಗೋಡೆಯ ಮೇಲೆ ಥರ್ಮನ್‌ನ ಪಕ್ಕ ಕೂತಳು.

"ಪುಸ್ತಕ ನೋಡಿದೆ ಮಾಮ. ಪರೀಕ್ಷೆ ಕಾಗದಾನೂ ಅದೇ ಪುಟದಲ್ಲಿದೆ. ರುಜುವಾತು ಇದ್ದೂ ಪೆನ್ಸಿಲ್‌ನಲ್ಲಿ ಇರೋದು ನಿಮ್ಮದು, ನಿಮ್ಮಮ್ಮಂದು, ಎರಡೇ ಹೆಸರು."

ಥರ್ಮನ್ ನಡೆದದ್ದೆಲ್ಲ ಹೇಳಿದ. ಮಾತು ಕೊಡುವಾಗ ತಾನು ಯೋಚಿಸಿರಲಿಲ್ಲವೆಂದ. ತೋಡದೆ ಕೂತರೆ ಊರು ಯಾಕೆ ಅನ್ನುತ್ತದೆ. ಯಾಕೆ ಅಂತ ಹೇಳಿದರೆ ಅಮ್ಮನ ಹೆಸರು ಹೋಗುತ್ತದೆ. ತೋಡಿದರೆ ಅಕ್ಕನ ಮಾತು ಹೋಗುತ್ತದೆ.

"ನಿಮ್ಮ ಹೆಸರು ಪಾದ್ರಿಗೆ ಕೊಡ್ಲಾ?"

ಅವನು ಇಳಿಜಾರಿನಾಚೆ, ಚರ್ಚಿನ ಪಕ್ಕದಲ್ಲಿ ಡೆಲ್ಲಾ ಮಲಗಿದ್ದ ಕಡೆ ನೋಡಿದ. "ಬೇಡ ಮಗಳೇ. ಮನಸ್ಸು ಬರ್ತಿಲ್ಲ," ಎಂದ.

ಮಧ್ಯಾಹ್ನ ಎರಡಕ್ಕೆ ಪೆಟ್ಟಿಗೆ ಇಳಿಸಿದರು. ಪಾದ್ರಿ ಪ್ರಾರ್ಥನೆ ಮಾಡಿ ಮನೆಯವರ ಹೆಸರು ಓದಿದರು. ವಿಲ್ಮಾ, ಅವಳ ಇಬ್ಬರು ಮಕ್ಕಳು, ಮೇವಿಸ್. ಅಲ್ಲಿಗೆ ಮುಗಿಯಿತು. ಗೋಡೆಯ ಬಳಿ ಒಬ್ಬನೇ ನಿಂತಿದ್ದ ಥರ್ಮನ್ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

ಆಮೇಲೆ ನೆರೆಯವರು ಸರದಿಯ ಮೇಲೆ ಮಣ್ಣು ಹಾಕಿದರು. ಮೇವಿಸ್‌ಗೆ ತಡೆಯಲಾಗಲಿಲ್ಲ. ತಾನು ಸಲಿಕೆ ಮುಟ್ಟುವಂತಿಲ್ಲವಲ್ಲ, ಪಕ್ಕದ ಮನೆಯ ಕಾರ್ಲ್‌ನ ಕೈಗೆ ಕೊಡಿಸಿ ಥರ್ಮನ್‌ನ ಮುಂದಕ್ಕೆ ಕಳಿಸಿ, ತನ್ನ ಕುರ್ಚಿಯಿಂದಲೇ ಕೂಗಿದಳು.

"ತೋಡ್ಲಿಲ್ಲ, ಹೋಗ್ಲಿ. ಮೂರು ಸಲಿಕೆ ಮಣ್ಣಾದ್ರೂ ಹಾಕು. ಅವಳ ಕೈಯೂಟ ಉಂಡೋನು ನೀನು."

ಎಲ್ಲರೂ ತಿರುಗಿ ನೋಡಿದರು. ವಿಲ್ಮಾ ಏಳಹೋದಳು, ಥರ್ಮನ್ ಕೈಯೆತ್ತಿ ತಡೆದ.

"ನಾನು ಮುಟ್ಟೋ ಹಾಗಿಲ್ಲ ಮೇವಿಸ್. ಆರ್ಫಾ ನಮ್ಮಕ್ಕ. ರೂಬೆನ್ ಮೆಕ್‌ನಾಬ್ ನಮ್ಮಪ್ಪ." ಅವನು ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದ. "ನಮ್ಮಮ್ಮನ್ನ ಯಾರಾದ್ರೂ ಏನಾದ್ರೂ ಅನ್ನೋದಿದ್ರೆ ಈಗ ನನ್ನೆದುರಿಗೇ ಅಂದ್ಬಿಡಿ."

ಕಾರ್ಲ್ ಸಲಿಕೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಮೇವಿಸ್‌ಳ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅವಳು ಥರ್ಮನ್‌ನ ಮುಖವನ್ನು, ಅದರಲ್ಲೂ ಆ ಉದ್ದ ಮೂಗನ್ನು, ಹೊಸದಾಗಿ ಕಂಡವಳಂತೆ ನೋಡಿದಳು. ಆ ಮೂಗು ಅವಳ ರೂಬೆನ್ ಮಾವನದು.

"ಹಾಗಾದ್ರೆ ಆ ಗೋಡೆ ಹತ್ರ ಯಾಕೋ ನಿಂತಿದೀಯ?" ಅವಳ ದನಿ ಒಡೆಯಿತು. "ಮನೆಯೋರ ಕುರ್ಚಿ ಇಲ್ಲಿರೋದು. ಬಾ, ಕೂತ್ಕೋ."

ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. ಥರ್ಮನ್ ಬಂದು ವಿಲ್ಮಾಳ ಪಕ್ಕ ಕೂತ. ನಲವತ್ತು ವರ್ಷ ಮಣ್ಣು ಎತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲಿಟ್ಟುಕೊಂಡ. ವಿಲ್ಮಾ ಮನೆಯಿಂದ ತಂದಿದ್ದ ಪುಸ್ತಕವನ್ನು ಅವನ ತೊಡೆಯ ಮೇಲೆ ಬಿಚ್ಚಿ, ಅಮ್ಮನ ಶಾಯಿಪೆನ್ನು ಕೈಗೆ ಕೊಟ್ಟಳು.

ನೆರೆಯವರು ಗುಂಡಿ ಮುಚ್ಚುತ್ತಿದ್ದರು. ಥರ್ಮನ್ ಬಗ್ಗಿ, ಅಕ್ಕನ ಪೆನ್ಸಿಲ್ ಅಕ್ಷರಗಳ ಮೇಲೆ ನಿಧಾನವಾಗಿ ಶಾಯಿ ಎಳೆಯತೊಡಗಿದ. ತನ್ನ ಹೆಸರನ್ನು ಹಾಗೇ ಬಿಟ್ಟು, ಮೊದಲು ಡೆಲ್ಲಾಳದು.