ಅಚ್ಚಾಗದ ಮಾತು

ನಿಘಂಟಿನ ಸಂಪಾದಕರ ಪತ್ರ ಬಂದ ಸೋಮವಾರದಿಂದ ಥರ್ಜಾಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮೂರು ವರ್ಷಗಳಿಂದ ಅವಳು ಮನೆಗೆಲಸದ ನಡುವೆ ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಓದಿ, ಜನ ಬಿಟ್ಟುಬಿಟ್ಟ ಕ್ರಿಯಾಪದಗಳನ್ನು ಹೆಕ್ಕಿ, ಚೀಟಿಗಳಲ್ಲಿ ಬರೆದು ಅವರಿಗೆ ಕಳಿಸುತ್ತಿದ್ದಳು. ಪತ್ರದಲ್ಲಿದ್ದದ್ದು ಇಷ್ಟು: ‘ಹೆಲ್ಪ್ಡ್’ ಅನ್ನುವ ಕಡೆ ಹಿಂದಿನವರು ಬರೆಯುತ್ತಿದ್ದ ‘ಹೋಲ್ಪ್’ಗೆ ಈಚಿನ ಅಚ್ಚಿನ ಸಾಕ್ಷಿ ಸಿಕ್ಕಿಲ್ಲ. ಶನಿವಾರದ ಟಪಾಲಿಗೆ ಹಾಕದಿದ್ದರೆ ಅದರ ಪಕ್ಕದಲ್ಲಿ ಸತ್ತ ಪದದ ಗುರುತು ಬೀಳುತ್ತದೆ.

ಒಲೆಯ ಬಳಿ ಕೂತ ಅತ್ತೆ ಕೆಜಾಯ ದಿನಕ್ಕೆ ನಾಲ್ಕು ಸಲ ಆಡುತ್ತಿದ್ದದ್ದು ಅದೇ ಮಾತು. ಲಿಂಕನ್‌ಶೈರಿನ ಆ ಜೌಗು ಸೀಮೆಯ ಮುದುಕರೆಲ್ಲ ಆಡುತ್ತಿದ್ದರು. ಆದರೆ ಕಿವಿಯಲ್ಲಿ ಕೇಳಿದ್ದು ಚೀಟಿಗೆ ನಡೆಯದು. ಅಜ್ಜಿಯಿಂದ ಅದನ್ನು ಕಲಿತು ಆಡಿದ್ದಕ್ಕೆ ಮಗಳನ್ನು ತರಗತಿಯಲ್ಲಿ ಶಿಕ್ಷೆಯಾಗಿ ನಿಲ್ಲಿಸಿದವನು ಥರ್ಜಾಳ ಗಂಡನೇ, ಶಾಲೆಯ ಮೇಷ್ಟ್ರು ಎಡ್ವಿನ್.

ವಿಷಯ ಕೇಳಿಯೂ ಅತ್ತೆ ಹೆಣಿಗೆ ನಿಲ್ಲಿಸಲಿಲ್ಲ. “ಸತ್ತೋಯ್ತಂತಾ? ಹಂಗಾದ್ರೆ ಬೆಳಗ್ಗೆಯಿಂದ ನಿನ್ನ ತಲೆ ತಿಂತಿರೋದು ನನ್ನ ದೆವ್ವ ಇರ್ಬೇಕು ಕಣವ್ವ.”

ಥರ್ಜಾಳಿಗೆ ನಗು ಬರಲಿಲ್ಲ. ಬುಧವಾರ ಹಾಲು ಕರೆಯುತ್ತಿದ್ದಾಗ ಥಟ್ಟನೆ ಹೊಳೆಯಿತು. ಹೋದ ವಾರ ಇದೇ ಹಸು ಕಾಲುವೆಗೆ ಬಿದ್ದಾಗ ನೆರೆಯವರು ಮೂವರು ದಡಕ್ಕೆ ಎಳೆದು ಹಾಕಿದ್ದರು. ಆ ಪದವನ್ನೇ ಹಾಕಿ ಅವರಿಗೆ ಪತ್ರಿಕೆಯಲ್ಲಿ ವಂದನೆ ಹೇಳಿದರೆ? ಅರ್ಧ ತುಂಬಿದ ತಂಬಿಗೆ ಅಲ್ಲೇ ಬಿಟ್ಟು, ನಾಲ್ಕು ಮೈಲಿ ನಡೆದು ಪೇಟೆಯ ವಾರಪತ್ರಿಕೆಯ ಅಚ್ಚುಕೂಟ ಸೇರಿದಳು.

ಅವಳು ಬರೆದುಕೊಟ್ಟ ವಂದನೆಯನ್ನು ಓದುತ್ತಲೇ ಮುದ್ರಕ ಪಿಂಡರ್ ತಿದ್ದಲು ಪೆನ್ಸಿಲ್ ಎತ್ತಿಕೊಂಡ. ಅವಳು ತಡೆದಳು.

“ಮೇಷ್ಟ್ರ ಹೆಂಡ್ತಿ ಹಿಂಗೆ ಬರೆದ್ರೆ ಊರು ನಗುತ್ತಮ್ಮ,” ಎಂದ. “ಅತ್ತೆ ಹೆಸರು ಹಾಕ್ಬಿಡಿ. ಅಜ್ಜೀರು ಅಂದ್ರೆ ಯಾರೂ ಏನೂ ಅನ್ನಲ್ಲ.”

ಅನ್ನುತ್ತಾರೆ, ಅಜ್ಜಿಗೆ ಬರುವುದೇ ಅಷ್ಟು ಎನ್ನುತ್ತಾರೆ ಎಂದುಕೊಂಡಳು ಥರ್ಜಾ.

“ನನ್ನ ಹೆಸರೇ ಇರ್ಲಿ. ಒಂದಕ್ಷರ ತಿದ್ದಬೇಡಿ.”

ನೋಡೋಣ ಎಂದನೇ ಹೊರತು ಆತ ಮಾತು ಕೊಡಲಿಲ್ಲ. ಅಚ್ಚಿನ ಮೊಳೆ ಜೋಡಿಸುವವರ ಕೈ ಕಣ್ಣಿಗಿಂತ ಮುಂಚೆ ತಪ್ಪು ತಿದ್ದುತ್ತದಂತೆ.

ಗುರುವಾರ ಹಿಟ್ಟಿಗೆ ಎರಡು ಸಲ ಉಪ್ಪು ಬಿತ್ತು. ತಾನೇ ಅಚ್ಚು ಹಾಕಿಸಿ ಅದನ್ನೇ ಸಾಕ್ಷಿಯಾಗಿ ಕಳಿಸುವುದು ಮೋಸವೇ ಎಂದು ತನ್ನನ್ನೇ ಕೇಳಿಕೊಂಡಳು. ಹಸು ಬಿದ್ದದ್ದು ನಿಜ, ಅವರು ಎತ್ತಿದ್ದು ನಿಜ, ಮನೆಯಲ್ಲಿ ಆ ಸುದ್ದಿಯನ್ನು ಹೇಳಿದ್ದೂ ಅದೇ ಮಾತಿನಲ್ಲಿ. ಆದರೂ ಸಮಾಧಾನವಿಲ್ಲ; ಬಾಗಿಲಿಗೂ ಒಲೆಗೂ ಓಡಾಡಿದ್ದೇ ಓಡಾಡಿದ್ದು.

ಶುಕ್ರವಾರ ಸಂಜೆ ಪತ್ರಿಕೆ ಬಂತು. ಎಂದಿನಂತೆ ಎಡ್ವಿನ್ ಮೊದಲು ಬಿಡಿಸಿದ. ಅವಳು ಬೆನ್ನ ಹಿಂದೆ ನಿಂತಳು. ಪುಟ ತಿರುವುತ್ತಿದ್ದ ಅವನ ಕೈ ನಿಂತಿತು, ಕಿವಿ ಕೆಂಪಾಯಿತು.

“ಸೋಮವಾರ ಆ ಮಕ್ಕಳ ಮುಂದೆ ನಾನು ಯಾವ ಮುಖ ಹೊತ್ಕೊಂಡು ನಿಲ್ಲಲಿ, ಥರ್ಜಾ?”

ಅಂದರೆ ಯಾರೂ ತಿದ್ದಿರಲಿಲ್ಲ.

“ಕೊಡಿ ಅದನ್ನ. ಟಪಾಲು ಬೆಳಗ್ಗೇನೇ ಹೋಗುತ್ತೆ,” ಎಂದಳು.

ಅವನು ಕೊಡಲಿಲ್ಲ. ಹಾಳೆಯ ಒಂದು ತುದಿ ಅವನ ಮುಷ್ಟಿಯಲ್ಲಿದ್ದಂತೆಯೇ ಅವಳು ಆ ವಂದನೆಯ ಸುತ್ತ ಕತ್ತರಿ ಹಾಕಿದಳು.