ಮರಿಗೆ ಹೇಳುವ ಮಾತು

ನೆಂಟರೆಲ್ಲ ಐಜ ಊರಿನ ಬಸ್ಸು ಹತ್ತಿ ಹೋಗಿದ್ದರು. ಅನುರಾಧಾಳ ಗಂಡ ನರೇಂದರ್ ಮಣ್ಣಾದ ಮೇಲೆ ಮನೆಯಲ್ಲಿ ಅಳುವಿಲ್ಲದ ಮೊದಲ ಬೆಳಗು. ಜೂರಾಲ ಅಣೆಕಟ್ಟಿನ ನೀರಿನ ಕಡೆಯಿಂದ ಮಂಜು ತೇಲಿಬಂದು ಅಂಗಳ ತುಂಬಿತ್ತು. ಅನುರಾಧಾಗೆ ತನ್ನ ಕೈಗಳೂ ಎಲ್ಲೋ ದೂರದಲ್ಲಿರುವಂತೆ ಕಂಡವು. ಮಂಜಿನೊಳಗಿಂದ ಮಾತು ಕೇಳಿತು.

"ಬಿದ್ರ ಬೀಳು, ಬಂಗಾರ. ಮತ್ತ ಏಳೋಣು. ಯಾರೂ ಬೈಯಂಗಿಲ್ಲ."

ಪಕ್ಕದ ಮನೆಯ ಹರಿತಾ ಕುಂಟ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಹೋದ ತಿಂಗಳು ನರೇಂದರ್ ಆ ಮರಿಯನ್ನು ಕಾಲುವೆ ಬದಿಯಿಂದ ಎತ್ತಿ ತಂದದ್ದು ಹರಿತಾಳ ಕಂಬಳಿಯಲ್ಲೇ, ಎರವಲು ಪಡೆದು. ಹುಡುಗಿಗೆ ಹದಿನೈದು. ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಸೂಜಿ.

ಹಿಂದೆಯೇ ಅವಳ ತಾಯಿ ಸತ್ಯಮ್ಮ ಬಂದಳು.

"ನೋಡ್ರಿ ಅನುರಾಧಾ, ಮಷೀನಿನಾಗ ಸಕ್ಕರಿ ಮುನ್ನೂರ ಎಂಬತ್ತು. ಈಕಿ ಬುಕ್ಕಿನಾಗ ನೂರಾ ನಲವತ್ತು ಬರದಾಳ. ಇವತ್ತು ಗದ್ವಾಲ ದವಾಖಾನಿಗೂ ಬರಂಗಿಲ್ಲಂತ."

ಹರಿತಾ ನೆಲ ನೋಡಿದಳು. "ನಿನ್ನೆ ಸಾಲ್ಯಾಗ ಹುಡುಗ್ಯಾರ ಮುಂದ ನಾಚಿಕಿ ಆಗಿ ಸೂಜಿ ಬಿಟ್ಟೆ, ಅಕ್ಕಾ. ನನಗ ಒಂದೂ ಸರಿ ಮಾಡಾಕ ಬರಂಗಿಲ್ಲ. ನಾ ದಂಡ."

"ಈಗಿನ ಸೂಜಿ?" ಎಂದು ಕೇಳಿದಳು ಅನುರಾಧಾ.

"ತಗೊಂಡೀನಿ."

"ಹಂಗಾದ್ರ ಮರಿಗೆ ಹೇಳಿದ್ದು ನಿನಗೂ ಒಂದ್ಸಲ ಹೇಳ್ಕೊ."

ಹರಿತಾ ಮರಿಯ ಕುಂಟ ಕಾಲನ್ನು ಸವರಿದಳು.

"ಹಿಂಗ ಮುದ್ದು ಮಾಡಿದ್ರ ನಾಳೆನೂ ಬಿಡ್ತಾಳ್ರಿ," ಎಂದಳು ಸತ್ಯಮ್ಮ.

"ಬೈದ್ರ ಮರಿ ಕಾಲು ನೆಟ್ಟಗಾಗ್ತೈತೇನ್ರಿ? ಬೈಗುಳಕ್ಕ ಅಂಜಿ ಸುಳ್ಳು ಬರದಾಳ. ಸುಳ್ಳು ಅಂಕಿ ನೋಡಿ ಡಾಕ್ಟರು ಏನು ಔಷಧ ಕೊಡಬೇಕು?"

ಸತ್ಯಮ್ಮ ತಾನೇ ಬುಕ್ಕು, ಪೆನ್ನು ಮಗಳತ್ತ ಚಾಚಿದಳು. "ಖರೇದ್ದು ಬರಿ. ಬೈಯಂಗಿಲ್ಲ. ಇನ್ನ ಈ ಮರಿಗೂ ಒಂದು ಬುಕ್ಕು ಕೊಡಿಸ್ಬೇಕೇನ?"

ಹರಿತಾ ನಕ್ಕಳು. ಹಳೆಯ ಅಂಕಿ ಹೊಡೆದುಹಾಕಿ ೩೮೦ ಎಂದು ಬರೆದಳು. ಕೆಳಗೆ: ನಿನ್ನೆ ಬಿಟ್ಟೆ. ಇವತ್ತು ತಗೊಂಡೆ.

ಗದ್ವಾಲದ ಬಸ್ಸಿನ ಹಾರ್ನ್ ಕೇಳಿತು. ಹರಿತಾ ಬುಕ್ಕು ಹಿಡಿದು ದವಾಖಾನೆಗೆ ಹೊರಟಳು. ಅನುರಾಧಾ ಒಳಗಿನಿಂದ ನರೇಂದರ್ ಎರವಲು ಪಡೆದಿದ್ದ ಕಂಬಳಿ ತಂದು ಹುಡುಗಿಯ ಹೆಗಲಿಗೆ ಹೊದಿಸಿದಳು.

"ತೊಳದು ಕೊಡ್ತೀನಿ ಅಂದಿದ್ರು ಅವರು. ನನಗೂ ತೊಳಿಯಾಕ ಆಗ್ಲಿಲ್ಲ."

ದೀರ್ಘ ಕಾಯಿಲೆಯೊಡನೆ ಬೆಳೆಯುತ್ತಿರುವ ಮಕ್ಕಳೇ, ಔಷಧ ತಪ್ಪಿದ ದಿನ ಮುಚ್ಚಿಡಬೇಡಿ. ಮನೆಯಲ್ಲಿ ಹೇಳಿ, ಡಾಕ್ಟರಿಗೆ ಹೇಳಿ. ಹಿರಿಯರೇ, ಅವರು ನಿಜ ಹೇಳಿದಾಗ ಬೈಯಬೇಡಿ. ಇನ್ನೊಬ್ಬರಿಗೆ ಹೊದಿಸುವ ಅಕ್ಕರೆಯ ಕಂಬಳಿ ನಿಮ್ಮದೂ ಹೌದು, ಮಕ್ಕಳೇ. ಚಳಿಯಾದಾಗ ನೀವೂ ಹೊದ್ದುಕೊಳ್ಳಿ.