ಹದಿನಾಲ್ಕನೇ ನಂಬರಿನ ಸ್ಟಿಕ್ಕರು

ಹೆಬ್ಬೆರಳಿಗೆ ಅಂಟಿಕೊಂಡೇ ಬಂದುಬಿಟ್ಟಿದೆ ಸ್ಟಿಕ್ಕರು, ಬಿಳಿಯದು, ದುಂಡಗೆ, ನಡುವೆ ನೀಲಿಯಲ್ಲಿ ಹದಿನಾಲ್ಕು — ಅವಳ ನಂಬರು, ಇಪ್ಪತ್ತೊಂದು ವರ್ಷದಿಂದ ಅವಳದೇ — ಕೆಳಗೆ ಕಾರ್ಖಾನೆಯಲ್ಲಿ ಹೊಸ ಏಣಿಯೊಂದನ್ನು ಪರೀಕ್ಷೆಗೆ ಹತ್ತಿ ಇಳಿದಾಗಿತ್ತು, ಹಚ್ಚುವುದೊಂದು ಬಾಕಿ, ಅಷ್ಟರಲ್ಲಿ ಪ್ರಚಾರದ ಸಾಹೇಬ್ರು ಕರೀತಿದ್ದಾರೆ ಹದಿನಾಲ್ಕಕ್ಕ, ಮುಖ ಕೆಂಪಗಿದೆ, ಬೇಗ ಹೋಗು ಅಂತ ಪಕ್ಕದವಳ ಕೂಗು, ಓಡಿ ಬಂದರೆ ಈ ಗಾಜಿನ ಕೋಣೆಯಲ್ಲಿ ಕೂತ್ಕೊಳ್ಳಿ ಅನ್ನುವವರಿಲ್ಲ, ಮೇಜಿನ ಮೇಲೆ ಸಾಹೇಬ ಇಸಕೊಂಡಿಟ್ಟ ಅವಳದೇ ಫೋನು, ಅದರೊಳಗೆ ಅವಳೇ ಬರೆದ ಎಂಟು ಸಾಲು. ಅಳಿಸಿಬಿಡಿ ಅಮ್ಮ, ಅಷ್ಟೇ ಕೆಲಸ, ಅನ್ನುತ್ತಾನೆ, ಏಣಿ ಕಂಪನಿಗೆ ಬಂದು ಏಣಿಯ ಮೊದಲ ಮೆಟ್ಟಿಲಿಗೂ ಕಾಲಿಡದ ಮಹಾನುಭಾವ. ಬರೀರಿ ಅಂದವನೂ ಇವನೇ ಅಲ್ಲವೇ, ಹೋದ ತಿಂಗಳು ಎಲ್ಲರನ್ನೂ ಊಟದ ಹಾಲಿನಲ್ಲಿ ನಿಲ್ಲಿಸಿ, ನೀವೇ ಕಂಪನಿಯ ಮುಖ, ಸೋಷಿಯಲ್ ಮೀಡಿಯಾದಲ್ಲಿ ನಿಮ್ಮ ಮಾತಲ್ಲೇ ಬರೀರಿ, ನಮಗೆ ನಿಮ್ಮ ಮೇಲೆ ಪೂರ್ತಿ ನಂಬಿಕೆ — ನಂಬಿಕೆಯಂತೆ! ಅಟ್ಟಕ್ಕೆ ಹತ್ತಿಸಿ ಏಣಿ ತೆಗೆಯುವವರ ನಂಬಿಕೆ. ಎರಡು ಭಾನುವಾರ ಕೂತು ಬರೆದಿದ್ದಳು, ಗಂಡ ಬೆನ್ನ ಹಿಂದೆ ನಿಂತು, ಏನೇ ಇದು, ಕಟ್ಟಿಕೊಂಡ ನನಗೆ ಒಂದು ಕಾಗದ ಬರೀಲಿಲ್ಲ, ಊರಿಗೆಲ್ಲ ಬರೀತಿದ್ದೀಯ ಅಂತ ನಕ್ಕಿದ್ದರು. ತಪ್ಪೇನು ಬರೆದಳು — ಪ್ರತಿ ಏಣಿಯನ್ನೂ ನಾನೇ ಕೊನೇ ಮೆಟ್ಟಿಲವರೆಗೆ ಹತ್ತಿ ಎರಡು ಸಲ ಕುಣಿದು ನೋಡ್ತೀನಿ, ಹೋದ ವಾರ ನಲವತ್ತು ಏಣಿಗಳ ಮೂರನೇ ಮೆಟ್ಟಿಲು ಅಲುಗಾಡಿತು, ನಲವತ್ತನ್ನೂ ವಾಪಸ್ ಕಳಿಸಿದೆ, ಹದಿನಾಲ್ಕು ಅಂತಿದ್ದರೆ ಧೈರ್ಯವಾಗಿ ಹತ್ತಿ, ಅದು ನನ್ನ ಮಾತು.

ನಲವತ್ತು ಕೆಟ್ಟಿತ್ತು ಅಂತ ನೀವೇ ಸಾರಿದರೆ ಜನ ಏನಂದ್ಕೋತಾರಮ್ಮ, ಅದರ ಬದಲು ಇದನ್ನ ಹಾಕಿ, ನಾವೇ ಬರೆದಿಟ್ಟಿದ್ದೀವಿ — ನಮ್ಮ ಏಣಿಗಳಲ್ಲಿ ದೋಷವೆಂಬುದೇ ಇಲ್ಲ, ಕೆಳಗೆ ಅವಳ ಹೆಸರು, ಅವಳ ಫೋಟೋ, ಥೂ, ದೋಷವೇ ಇಲ್ಲದಿದ್ದರೆ ಇವಳು ಮಂಡಿಚಿಪ್ಪು ಸವೆಸಿಕೊಂಡು ಹತ್ತಿ ಇಳಿದದ್ದು ಯಾವ ಸುಖಕ್ಕೆ? ಜನ ಏನಂದರು ಅಂತ ಓದಿದ್ದಾನಾ ಇವನು, ಆ ಎಂಟು ಸಾಲಿನ ಕೆಳಗೇ ಒಬ್ಬ ಹೆಣ್ಣುಮಗಳು ಬರೆದಿದ್ದಾಳಲ್ಲ, ಅಮ್ಮಾ, ನಮ್ಮಪ್ಪ ಗೋಡೆಗೆ ಬಣ್ಣ ಬಳಿಯೋರು, ಒಂದು ಸಲ ಬಿದ್ದಿದ್ದಾರೆ, ನಿಮ್ಮ ಮಾತು ನಂಬಿ ಹೊಸ ಏಣಿ ತಂದುಕೊಟ್ಟೆ, ತಿರುಗಿಸಿ ನೋಡಿದೆ, ಹದಿನಾಲ್ಕೇ ಇದೆ. ಹದಿನಾಲ್ಕೇ ಇದೆ. ಆತ ಈಗ ಎಲ್ಲೋ ಮೇಲೆ ನಿಂತಿರುತ್ತಾರೆ, ಕೈಯಲ್ಲಿ ಬ್ರಷ್ಷು, ಕಾಲಡಿ ಇವಳ ಮಾತು. ಊರಿನವರ ಸೊಂಟ, ತಲೆ, ಜೀವ ಎಲ್ಲ ಇವಳ ಕೈಗೆ ಕೊಡಬಹುದು, ಎಂಟು ಸಾಲು ಕೊಡಬಾರದು! ಅಳಿಸದಿದ್ದರೆ ನಾಳೆಯಿಂದ ಬರೋದು ಬೇಡ ಅಂದಿದ್ದಾರೆ ಮೇಲಿನವರು, ನಾನೇನು ಮಾಡ್ಲಿ ನೀವೇ ಹೇಳಿ — ಈಗ ಬೆಣ್ಣೆಯಲ್ಲಿ ಕೂದಲು ತೆಗೆಯುವ ದನಿ — ನಿವೃತ್ತಿಗೆ ಇನ್ನೆರಡೇ ವರ್ಷ, ಮನೆಯಲ್ಲಿ ದುಡಿಯುವವಳು ಇವಳೊಬ್ಬಳೇ, ಫೋನು ಅವಳತ್ತ ಸರಿಯುತ್ತದೆ, ಎಂಟು ಸಾಲೂ ಹೊಳೆಯುತ್ತವೆ, ತಡಿ, ಒಮ್ಮೆ ಹತ್ತಿ ನೋಡುತ್ತಾಳೆ, ಒಂದನೆಯ ಸಾಲು ಗಟ್ಟಿ, ಎರಡನೆಯದು ಗಟ್ಟಿ, ಮೂರನೆಯದೂ ಅಲುಗಾಡುವುದಿಲ್ಲ, ಕೊನೆಯದರ ಮೇಲೆ ನಿಂತು ಮನಸ್ಸಿನಲ್ಲೇ ಎರಡು ಸಲ ಕುಣಿಯುತ್ತಾಳೆ, ಅಮ್ಮಾ, ಏನು ಮಾಡ್ತಿದ್ದೀರಾ, ಅಳಿಸಿ ಅಂದರೆ ಇದೇನು ಹಚ್ತಿದ್ದೀರಾ — ಹೆಬ್ಬೆರಳು ಫೋನಿನ ಗಾಜಿಗೆ ಒತ್ತಿಕೊಂಡೇ ಇದೆ, ಎಂಟನೇ ಸಾಲಿನ ಕೆಳಗೆ, ಬಿಳಿಯದು, ದುಂಡಗೆ, ನೀಲಿಯಲ್ಲಿ ಹದಿನಾಲ್ಕು, ಹದಿನಾಲ್ಕು —